ಪ್ರಬಂಧ ಸ್ಪರ್ಧೆಗೆ ಐದರಲ್ಲಿ ಮೂರು ನಕ್ಷತ್ರ, ಅದೂ ಒಂದು ಟಿಪ್ಪಣಿಯ ದೆಸೆಯಿಂದ

ಕಾನೂನಿನ ಆರ್ಥಿಕ ವಿಶ್ಲೇಷಣೆ, ಅಂದರೆ ಕಾನೂನನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡುವುದರ ಕುರಿತ ವಿದ್ಯಾರ್ಥಿ ಪ್ರಬಂಧ ಸ್ಪರ್ಧೆಯೊಂದಕ್ಕೆ ಈ ವರ್ಷ ನಾನೂ ಬರೆದೆ. ಪ್ರವೇಶ ಶುಲ್ಕ 300 ರೂಪಾಯಿ, ಮಿತಿ 3,000 ಪದ. ಬಹುಮಾನ ಬರಲಿಲ್ಲ. ಆ ಕಹಿಯನ್ನು ಆದಷ್ಟು ಬದಿಗಿಟ್ಟು ಬರೆಯುತ್ತಿದ್ದೇನೆ.

ಮೊದಲು ದೂರು. ಪ್ರಬಂಧ ಇಂಗ್ಲಿಷಿನಲ್ಲೇ ಇರಬೇಕಂತೆ. ಕೋಲಾರದಲ್ಲಿ ಕಾನೂನು ಓದುವ ನಾನು ನಾಳೆ ಇಲ್ಲಿನ ನ್ಯಾಯಾಲಯದಲ್ಲಿ ಕನ್ನಡದಲ್ಲೇ ವಾದಿಸಬಹುದು, ಸ್ಪರ್ಧೆಗೆ ಮಾತ್ರ ಅದು ಸಲ್ಲದು. ಕೊನೆಯ ದಿನ ರಾತ್ರಿ ಅವರ ಜಾಲತಾಣ ನನ್ನ ಕಡತವನ್ನು ಮೂರು ಸಲ ಉಗುಳಿತು. ಫಲಿತಾಂಶ ಏಳು ವಾರ ತಡ. ಪ್ರಮಾಣಪತ್ರದಲ್ಲಿ ಮಾಲೂರು ಹೋಗಿ ಮೈಸೂರು ಆಗಿತ್ತು.

ಆದರೆ ವಿಷಯ ಚೆನ್ನಾಗಿತ್ತು: ಆಸ್ತಿ ಹಕ್ಕು ಮತ್ತು ನೆರೆಹೊರೆ. ನಾನು ಕೊಳವೆಬಾವಿಯನ್ನು ಹಿಡಿದೆ. ಪಕ್ಕದ ಹೊಲದವರು 1,200 ಅಡಿ ಕೊರೆಸಿದ ತಿಂಗಳಲ್ಲೇ ನಮ್ಮ ಟೊಮೆಟೊ ತೋಟದ ಬಾವಿ ಗಾಳಿ ಎಳೆಯತೊಡಗಿತ್ತು. ಅಕ್ಕಪಕ್ಕದ ಜಮೀನಿನವರ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ನಿನ ದೃಷ್ಟಾಂತವೊಂದರ ಪ್ರಕಾರ, ಗೊತ್ತಾದ ಹಾದಿಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಎತ್ತಿಕೊಳ್ಳುವುದು ಜಮೀನಿನ ಒಡೆಯನ ಹಕ್ಕು. ಸಾಲದ್ದಕ್ಕೆ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಎತ್ತಿದವನಿಗೆ ಬಿಲ್ಲಿಲ್ಲ, ಬಿಟ್ಟವನಿಗೆ ನೀರಿಲ್ಲ. ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಅನುಮತಿ ಬೇಕು ಎನ್ನುತ್ತದೆ 2011ರ ಅಂತರ್ಜಲ ಕಾಯ್ದೆ. ನಮ್ಮ ಕಡೆ ಬೋರ್ ಲಾರಿ ಬರುವುದು ರಾತ್ರಿ.

ನೆರೆಹೊರೆಯ ಇಂಥ ಜಗಳ ಹಳೆಯದೇ. ಲಂಡನ್ನಿನ ಮಿಠಾಯಿಯವನೊಬ್ಬನ ಒರಳಿನ ಸದ್ದು ಪಕ್ಕದ ವೈದ್ಯನಿಗೆ ಕಾಟವಾಗಿ, 1879ರಲ್ಲಿ ತೀರ್ಪಾದ ಮೊಕದ್ದಮೆಯೊಂದಿದೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ಲೇಖನದಲ್ಲಿ ಅದನ್ನು ಎತ್ತಿಕೊಂಡು, ಚೌಕಾಸಿಗೆ ಖರ್ಚೇ ಇಲ್ಲದಿದ್ದರೆ ಹಕ್ಕನ್ನು ಯಾರಿಗೆ ಕೊಟ್ಟರೂ ಹೆಚ್ಚು ಬೆಲೆಬಾಳುವ ಕೆಲಸವೇ ಉಳಿಯುತ್ತದೆ ಎಂದರು. ನಾನು ಅಷ್ಟನ್ನೇ ನಂಬಿ, ಅಪ್ಪ ಪಕ್ಕದವರಿಗೆ ಹಣ ಕೊಟ್ಟು ವಾರಕ್ಕೆ ಮೂರು ದಿನ ಅವರ ಮೋಟಾರ್ ನಿಲ್ಲಿಸಿಕೊಳ್ಳಬಹುದು ಎಂದು ಗಂಭೀರವಾಗಿ ಬರೆದಿದ್ದೆ. ಫಲಿತಾಂಶದ ಜೊತೆ ಪ್ರಬಂಧ ವಾಪಸ್ಸು ಬಂದಾಗ ತೀರ್ಪುಗಾರರು ಅಂಚಿನಲ್ಲಿ ಕೇಳಿದ್ದರು: ಅದೇ ನೀರಿಗೆ ಬಾಯಿ ಹಾಕಿರುವ ಬಾವಿಗಳು ಎಷ್ಟು? ಅಷ್ಟೂ ಜನರನ್ನು ಕೂರಿಸಿ ಒಪ್ಪಿಸುವ ಖರ್ಚು ಯಾರದು?

ಮುಂದಿನ ಭಾನುವಾರ ಊರಿಗೆ ಹೋಗಿ ಎಣಿಸಿದೆ. ಸುತ್ತಮುತ್ತ ಕಣ್ಣಿಗೆ ಬಿದ್ದವೇ ನಲವತ್ತೊಂದು. ಅಪ್ಪನಿಗೆ ಹೇಳಿದರೆ, "ಅದರಲ್ಲಿ ಆರು ಮನೆಯವರು ನಮ್ಮ ಜೊತೆ ಮಾತು ಬಿಟ್ಟು ವರ್ಷಗಳಾದವು, ಅದನ್ನೂ ಬರೆ" ಎಂದರು. ಕೋಸ್ ಆ ಲೇಖನದಲ್ಲೇ ವಹಿವಾಟಿನ ಖರ್ಚಿನ, ಅಂದರೆ ಹೀಗೆ ಮಾತಾಡಿ ಒಪ್ಪಂದಕ್ಕೆ ಬರಲು ತಗಲುವ ಖರ್ಚಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾನು ಓದುವಾಗ ಅಲ್ಲಿಗೆ ತಲುಪಿರಲಿಲ್ಲ.

ಅಂಚಿನ ಆ ಎರಡು ಸಾಲಿಗೆ 300 ರೂಪಾಯಿ ಹೆಚ್ಚಲ್ಲ. ಬರೆಯುವವರು ಮೂರು ದಿನ ಮೊದಲೇ ಕಳಿಸಿ. ಊರಿನ ಹೆಸರನ್ನು ಎರಡು ಸಲ ತುಂಬಿ.