ಕೈಗೆ ಕಟ್ಟಿದ ವಾಚಿನ ಹೆಜ್ಜೆ ಲೆಕ್ಕ ನಂಬಿ ಸಿಒಪಿಡಿ ರೋಗಿ ಚೆನ್ನಾಗಿದ್ದಾರೆ ಅಂದುಕೊಳ್ಳಬೇಡಿ

ಮಲೆನಾಡಿನ ಮನೆಯೊಂದರಲ್ಲಿ ಅಡಿಕೆ ಸುಲಿತದ ಕಾಲದಲ್ಲಿ ನಡೆದದ್ದು ಇದು. ಮನೆಯ ಹಿರಿಯರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಗೆ ಬಿಡುವುದೇ ಕಷ್ಟವಾಗುವ ಕಾಯಿಲೆ. ಬೆಂಗಳೂರಿನಲ್ಲಿರುವ ಮಗ ಅವರ ಕೈಗೊಂದು ಸ್ಮಾರ್ಟ್ ವಾಚ್ ಕಟ್ಟಿಸಿ, ದಿನದ ಹೆಜ್ಜೆ ಲೆಕ್ಕವನ್ನು ತಮ್ಮ ಫೋನಿನಲ್ಲಿ ನೋಡುತ್ತಿದ್ದರು. ಮೊದಲ ತಿಂಗಳು ದಿನಕ್ಕೆ ಸುಮಾರು 2,500 ಹೆಜ್ಜೆ. ನವೆಂಬರ್ ಬರುತ್ತಿದ್ದಂತೆ ಅದು ಏರುತ್ತಾ 6,000 ದಾಟಿತು. ಹೊಸ ಇನ್‌ಹೇಲರ್ ಹಿಡಿಸಿದೆ ಎಂದು ಎಲ್ಲರಿಗೂ ಸಮಾಧಾನ. ತಪಾಸಣೆಗೆ ಹೋದಾಗ ಅದೇ ಲೆಕ್ಕವನ್ನು ತೋರಿಸಿದರು, ಔಷಧಿ ಹಾಗೆಯೇ ಮುಂದುವರಿಯಿತು.

ನಿಜವಾಗಿ ಅವರು ಆ ಹೊತ್ತಿಗೆ ತೋಟಕ್ಕೆ ಇಳಿಯುವುದನ್ನೇ ಬಿಟ್ಟಿದ್ದರು. ಬೆಳಗ್ಗಿನಿಂದ ಸಂಜೆಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಒಂದೊಂದು ಕಾಯಿಗೂ ಕೈ ಮುಂದಕ್ಕೆ ಹಿಂದಕ್ಕೆ ಆಡುತ್ತಿತ್ತು, ವಾಚು ಅದನ್ನು ನಡಿಗೆ ಎಂದು ಎಣಿಸುತ್ತಿತ್ತು. ಪಕ್ಕದಲ್ಲೇ ಅಡಿಕೆ ಬೇಯಿಸುವ ಒಲೆಯ ಹೊಗೆ. ಡಿಸೆಂಬರಿನಲ್ಲಿ ಉಸಿರಾಟ ತೀರಾ ಕೆಟ್ಟು ಆಸ್ಪತ್ರೆಗೆ ಸೇರಿಸಬೇಕಾಯಿತು. ಚೇತರಿಸಿಕೊಂಡ ಮೇಲೆ ಸೊಂಟಕ್ಕೆ ಇನ್ನೊಂದು ಸಾಧನ ಕಟ್ಟಿ ಎರಡರ ಲೆಕ್ಕವನ್ನು ಎದುರುಬದುರು ಇಟ್ಟು ನೋಡಿದಾಗಲೇ ಮೋಸ ಗೊತ್ತಾದದ್ದು: ಸುಲಿಯಲು ಕೂತ ದಿನ ವಾಚಿನಲ್ಲಿ ಸಾವಿರಾರು ಹೆಜ್ಜೆ, ಸೊಂಟದಲ್ಲಿ ಕೆಲವೇ ನೂರು.

ವಾಚು ಕೆಟ್ಟಿರಲಿಲ್ಲ. ತನಗೆ ಕಲಿಸಿಕೊಟ್ಟದ್ದನ್ನೇ ಅದು ಮಾಡುತ್ತಿತ್ತು. ಒಳಗಿರುವ ಸಂವೇದಕಕ್ಕೆ (ಸೆನ್ಸರ್‌ಗೆ) ಕಾಲು ಕಾಣುವುದಿಲ್ಲ, ಕಟ್ಟಿದ ಜಾಗದ ಅಲುಗಾಟವಷ್ಟೇ ಗೊತ್ತು. ಒಂದೇ ಲಯದಲ್ಲಿ, ಒಂದು ಮಟ್ಟಕ್ಕಿಂತ ಜೋರಾಗಿ ಅಲುಗಾಟ ಬಂದರೆ ಅದನ್ನು ಹೆಜ್ಜೆ ಎನ್ನುತ್ತದೆ. ಅಡಿಕೆ ಸುಲಿತ, ಚಪಾತಿ ಲಟ್ಟಿಸುವುದು, ಬಟ್ಟೆ ಒಗೆಯುವುದು, ಭಜನೆಯಲ್ಲಿ ತಾಳ ಹಾಕುವುದು, ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸಿನ ಕುಲುಕಾಟ, ಎಲ್ಲವೂ ಹೀಗೆ ಲೆಕ್ಕಕ್ಕೆ ಸೇರಬಹುದು.

ಇದರ ತಿರುಗುಮುರುಗು ತಪ್ಪೂ ಅಷ್ಟೇ ಕೆಟ್ಟದ್ದು, ಮತ್ತು ಶ್ವಾಸಕೋಶದ ರೋಗಿಗಳಲ್ಲಿ ಅದೇ ಹೆಚ್ಚು. ಏದುಸಿರು ಇರುವವರು ನಿಧಾನವಾಗಿ, ಕಾಲು ಎಳೆದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನಡೆಯುತ್ತಾರೆ. ಪಾದ ನೆಲಕ್ಕೆ ತಾಗುವ ಪೆಟ್ಟು ಮೆತ್ತಗಿರುವುದರಿಂದ ಸಂವೇದಕ ಅದನ್ನು ಹೆಜ್ಜೆ ಎಂದು ಒಪ್ಪುವುದಿಲ್ಲ. ಒಳಗೆ ಸ್ಪ್ರಿಂಗ್ ಇರುವ, ಸೊಂಟಕ್ಕೆ ಸಿಕ್ಕಿಸಿ ಹೆಜ್ಜೆ ಎಣಿಸುವ ಹಳೆಯ ಪೆಟ್ಟಿಗೆಗಳು, ಅಂದರೆ ಪೆಡೋಮೀಟರ್‌ಗಳಂತೂ ಗಂಟೆಗೆ 3 ಕಿಲೋಮೀಟರಿಗಿಂತ ನಿಧಾನದ ನಡಿಗೆಯಲ್ಲಿ ಬಹಳಷ್ಟು ಹೆಜ್ಜೆಗಳನ್ನು ಬಿಟ್ಟುಬಿಡುತ್ತವೆ. ಹೊಟ್ಟೆ ದಪ್ಪ ಇದ್ದು ಪೆಟ್ಟಿಗೆ ಓರೆಯಾದರೆ ಇನ್ನೂ ಕಡಿಮೆ. ಸುಳ್ಳು ಹೆಜ್ಜೆ ಎಣಿಸಬಾರದೆಂದು ಅನೇಕ ಸಾಧನಗಳು ಸತತವಾಗಿ ಹತ್ತು ಹೆಜ್ಜೆಯಾದರೂ ಬಿದ್ದ ಮೇಲೆಯೇ ಲೆಕ್ಕ ಶುರು ಮಾಡುತ್ತವೆ. ಮಂಚದಿಂದ ಬಚ್ಚಲಿಗೆ ಎಂಟು ಹೆಜ್ಜೆ, ಅಡುಗೆ ಮನೆಯಿಂದ ಜಗಲಿಗೆ ಒಂಬತ್ತು: ಮನೆಯೊಳಗೇ ಓಡಾಡಿಕೊಂಡಿರುವ ರೋಗಿಯ ಇಡೀ ದಿನವೇ ಹೀಗೆ ಕಾಣೆಯಾಗುತ್ತದೆ. ವಾಕರ್ ಹಿಡಿದವರ ಕೈ, ಆಮ್ಲಜನಕದ ಸಿಲಿಂಡರಿನ ಗಾಡಿ ಎಳೆಯುವವರ ಕೈ ಅಲ್ಲಾಡುವುದೇ ಇಲ್ಲ. ಅಂಥವರಿಗೆ ಮಣಿಕಟ್ಟಿನ ಲೆಕ್ಕ ಬೇಡವೇ ಬೇಡ.

ಆದ್ದರಿಂದ ಯಾವ ಸಾಧನವಾದರೂ ಮೊದಲು ಅದನ್ನು ಆ ರೋಗಿಯ ನಡಿಗೆಯ ಮೇಲೇ ಪರೀಕ್ಷಿಸಿ. ಅಂಗಡಿಯಲ್ಲಿ ನೀವು ಕಟ್ಟಿಕೊಂಡು ನಡೆದು ನೋಡಿದರೆ ಏನೂ ತಿಳಿಯದು, ನಿಮ್ಮ ವೇಗವೇ ಬೇರೆ. ಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುವ ಕೌಂಟರ್ ಒಂದು ಸಾಕು. ರೋಗಿ ತಮ್ಮ ಎಂದಿನ ವೇಗದಲ್ಲಿ, ಎಂದಿನ ಚಪ್ಪಲಿ, ಕೋಲು, ವಾಕರ್ ಸಮೇತ ನಡೆಯಲಿ. ಪಕ್ಕದವರು ಕೌಂಟರ್ ಒತ್ತುತ್ತಾ 100 ಹೆಜ್ಜೆ ಎಣಿಸಲಿ. ಕೂರಲು ಕುರ್ಚಿ ಹತ್ತಿರ ಇರಬೇಕು, ತಕ್ಷಣ ಉಸಿರು ಸಡಿಲಿಸುವ ಇನ್‌ಹೇಲರ್ ಜೇಬಿನಲ್ಲಿರಬೇಕು. ಎದೆನೋವು, ತಲೆ ಸುತ್ತು, ತಡೆಯಲಾಗದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ಸಾಧನ 90ರಿಂದ 110ರ ಒಳಗೆ ತೋರಿಸಿದರೆ ಮುಂದಿನ ಹಂತಕ್ಕೆ ಹೋಗಬಹುದು. ಮುಂದಿನದು ತುಂಡು ನಡಿಗೆ: ಎಂಟೆಂಟು ಹೆಜ್ಜೆ ನಡೆದು ನಿಂತು, ಮತ್ತೆ ನಡೆದು, ಒಟ್ಟು 80 ಹೆಜ್ಜೆ. ಹೆಚ್ಚಿನ ವಾಚುಗಳು ಸೋಲುವುದು ಇಲ್ಲಿಯೇ. ಕೊನೆಗೆ ನಡೆಯದೇ ಇರುವ ಪರೀಕ್ಷೆ. ಆ ಮನೆಯಲ್ಲಿ ಕೂತು ಮಾಡುವ ಕೆಲಸ ಯಾವುದಿದೆಯೋ ಅದನ್ನು ಹತ್ತು ನಿಮಿಷ ಮಾಡಿಸಿ, ಎಷ್ಟು ಹೆಜ್ಜೆ ಸೇರಿತು ನೋಡಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಆ ಹಿರಿಯರ ವಿಷಯದಲ್ಲಿ ಇದೊಂದನ್ನು ಮಾಡಿದ್ದರೆ ಸಾಕಿತ್ತು.

ಕಟ್ಟುವ ಜಾಗ ಸೊಂಟವೇ ಒಳ್ಳೆಯದು, ಬಲಗಡೆ ಸೊಂಟದ ಮೂಳೆಯ ಮೇಲೆ. ಪಂಚೆಯ ಗಂಟಿಗೋ ಸೀರೆಯ ನೆರಿಗೆಗೋ ಕ್ಲಿಪ್ ಸಿಕ್ಕಿಸಬೇಡಿ. ಜೋತು ಬೀಳುತ್ತದೆ, ಬಟ್ಟೆ ಬದಲಿಸುವಾಗ ಕಳಚುತ್ತದೆ, ಮತ್ತೆ ಹಾಕಿಕೊಳ್ಳಲು ಮರೆಯುತ್ತದೆ. ಒಳಗೆ ಎಲಾಸ್ಟಿಕ್ ಪಟ್ಟಿ ಕಟ್ಟಿ ಅದಕ್ಕೆ ಸೇರಿಸಿ. ಹೊಟ್ಟೆ ಬಿಗಿಯುವಷ್ಟು ಬೇಡ, ಈ ರೋಗಿಗಳಿಗೆ ಅದೇ ಉಸಿರುಕಟ್ಟಿಸುತ್ತದೆ.

ಎಷ್ಟು ದಿನ ಅಳೆಯಬೇಕು? ಒಂದು ದಿನದ ಲೆಕ್ಕಕ್ಕೆ ಬೆಲೆಯೇ ಇಲ್ಲ. ದಿನಕ್ಕೆ ಕನಿಷ್ಠ 8 ಗಂಟೆ ಕಟ್ಟಿಕೊಂಡಿರುವ ಕನಿಷ್ಠ 4 ದಿನ ಬೇಕು ಎಂಬುದು ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ನಿಯಮ. ಮನೆಯಲ್ಲಿ ಎಂಟು ದಿನ ಕಟ್ಟಿಸಿ, ಮೊದಲ ದಿನವನ್ನು ಬಿಟ್ಟುಬಿಡುವುದು ಉತ್ತಮ, ಏಕೆಂದರೆ ಹೊಸ ವಸ್ತು ಮೈಮೇಲಿರುವ ಉತ್ಸಾಹಕ್ಕೆ ಮೊದಲ ದಿನ ಹೆಚ್ಚು ನಡೆದುಬಿಡಬಹುದು. ಹೋಲಿಸುವಾಗ ಕಾಲವೂ ಒಂದೇ ಇರಲಿ. ಆಗುಂಬೆಯ ಜುಲೈ ಮಳೆಯಲ್ಲಿ ಅಂಗಳಕ್ಕೂ ಇಳಿಯದವರ ಲೆಕ್ಕವನ್ನು ಫೆಬ್ರವರಿಯ ಲೆಕ್ಕದ ಪಕ್ಕದಲ್ಲಿಟ್ಟರೆ ಕಾಣುವುದು ಮಳೆಯೇ ಹೊರತು ಕಾಯಿಲೆಯಲ್ಲ.

ಜೊತೆಗೊಂದು ನೋಟ್‌ಬುಕ್ ಇಡಲೇಬೇಕು, ಇದನ್ನು ಒತ್ತಿ ಹೇಳಬೇಕಾಗಿದೆ. ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ಸ್ನಾನ, ಮಧ್ಯಾಹ್ನದ ನಿದ್ದೆ, ಬಸ್ಸು ಸ್ಕೂಟರ್ ಪ್ರಯಾಣ, ಸಂತೆ, ಮದುವೆ ಮನೆ, ಜ್ವರ, ಕಫದ ಬಣ್ಣ ಬದಲಾದದ್ದು. ಏಕೆಂದರೆ ಸಾಧನಕ್ಕೆ ಸುಮ್ಮನೆ ಕೂತ ಮನುಷ್ಯನಿಗೂ ಮೇಜಿನ ಮೇಲಿಟ್ಟ ಪೆಟ್ಟಿಗೆಗೂ ವ್ಯತ್ಯಾಸ ಸುಲಭವಾಗಿ ತಿಳಿಯದು. ಸಂಶೋಧನೆಗೆ ಬಳಸುವ ತಂತ್ರಾಂಶಗಳಲ್ಲಿ ಅರವತ್ತೋ ತೊಂಬತ್ತೋ ನಿಮಿಷ ಸತತವಾಗಿ ಅಲುಗಾಟ ಇಲ್ಲದಿದ್ದರೆ 'ಬಿಚ್ಚಿಟ್ಟಿದ್ದಾರೆ' ಎಂದು ಆ ಹೊತ್ತನ್ನೇ ಅಳಿಸುವ ನಿಯಮಗಳಿವೆ. ಆರೋಗ್ಯವಂತರಿಗೆ ಅದು ಸರಿಹೋಗುತ್ತದೆ. ತೀವ್ರ ಸಿಒಪಿಡಿ ಇರುವವರು ನಿಜವಾಗಿಯೂ ಒಂದೂವರೆ ಗಂಟೆ ಕುರ್ಚಿ ಬಿಟ್ಟು ಏಳದೆ ಕೂತಿರುತ್ತಾರೆ. ಆ ಹೊತ್ತು ಅಳಿಸಿಹೋದರೆ 8 ಗಂಟೆಯ ಮಿತಿ ಮುಟ್ಟದೆ ಇಡೀ ದಿನವೇ ಲೆಕ್ಕದಿಂದ ಹೊರಬೀಳುತ್ತದೆ. ಅತಿ ಕೆಟ್ಟ ದಿನಗಳೇ ಉದುರಿ, ಉಳಿದ ಒಳ್ಳೆಯ ದಿನಗಳ ಸರಾಸರಿ ಚೆನ್ನಾಗಿ ಕಾಣುತ್ತದೆ. ಕೈಬರಹದ ನೋಟ್‌ಬುಕ್ ಇದ್ದರೆ ಮಾತ್ರ ಈ ತಪ್ಪು ಸಿಕ್ಕಿಬೀಳುತ್ತದೆ.

ಹೆಜ್ಜೆ ಬಿಟ್ಟು ವಾಚು ತೋರಿಸುವ ಬೇರೆ ಸಂಖ್ಯೆಗಳ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. 'ಸಕ್ರಿಯ ನಿಮಿಷ' ಎಂಬುದನ್ನು ಅನೇಕ ವಾಚುಗಳು ನಾಡಿಬಡಿತದಿಂದ ಲೆಕ್ಕ ಹಾಕುತ್ತವೆ. ತಕ್ಷಣ ಉಸಿರು ಸಡಿಲಿಸುವ ಸಾಲ್ಬುಟಮಾಲ್ ಎಳೆದುಕೊಂಡರೆ ಕೂತಲ್ಲೇ ನಾಡಿ ಏರಬಹುದು, ಶ್ವಾಸನಾಳ ಹಿಗ್ಗಿಸುವ ಥಿಯೋಫಿಲಿನ್ ಮಾತ್ರೆಯೂ ಏರಿಸಬಹುದು. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಮುಂದೆ ಕೂತ ಹೊತ್ತನ್ನು ವಾಚು ವ್ಯಾಯಾಮ ಎಂದು ಬರೆದುಕೊಳ್ಳಬಹುದು. ಹೃದಯಕ್ಕೆ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಏದುಸಿರು ಬಿಡುತ್ತಾ ಮಹಡಿ ಹತ್ತಿದರೂ ಶೂನ್ಯ ತೋರಿಸಬಹುದು. ಕ್ಯಾಲೊರಿ ಲೆಕ್ಕವನ್ನು ನೋಡಲೇಬೇಡಿ. ಅದು ಆರೋಗ್ಯವಂತರ ವಯಸ್ಸು, ತೂಕಗಳ ಸೂತ್ರ. ಸಿಒಪಿಡಿಯಲ್ಲಿ ಉಸಿರಾಡುವುದಕ್ಕೇ ಸ್ನಾಯುಗಳು ಹೆಚ್ಚು ಶಕ್ತಿ ಖರ್ಚು ಮಾಡುತ್ತವೆ, ಆ ಖರ್ಚು ಮಣಿಕಟ್ಟಿಗೆ ಕಾಣುವುದಿಲ್ಲ. 'ಇವತ್ತು ಸುಟ್ಟದ್ದು ಕಡಿಮೆ' ಎಂದು ಮೊದಲೇ ಸೊರಗಿದ ರೋಗಿಯ ಊಟ ಕಡಿಮೆ ಮಾಡುವುದು ನೇರ ಅಪಾಯ.

10,000 ಹೆಜ್ಜೆಯ ಗುರಿಯನ್ನೂ ಆ್ಯಪ್‌ನಿಂದ ತೆಗೆದುಹಾಕಿ. ಆ ಸಂಖ್ಯೆ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಪೆಡೋಮೀಟರಿನ ಹೆಸರಿನಿಂದ, ರೋಗಿಗಳನ್ನು ಪರೀಕ್ಷಿಸಿ ಕಂಡುಕೊಂಡದ್ದಲ್ಲ. ದಿನವೂ ಸಂಜೆ 'ಗುರಿ ತಲುಪಿಲ್ಲ' ಎಂಬ ಸಂದೇಶ ನೋಡಿದ ರೋಗಿ ಒಂದೋ ಮಿತಿ ಮೀರಿ ನಡೆದು ಮಾರನೆಯ ದಿನ ಹಾಸಿಗೆ ಹಿಡಿಯುತ್ತಾರೆ, ಇಲ್ಲವೇ ವಾಚನ್ನು ಕಪಾಟಿಗೆ ಸೇರಿಸುತ್ತಾರೆ. ಅವರ ಸ್ವಂತ ವಾರದ ಸರಾಸರಿಯೇ ಅಳತೆಗೋಲು ಆಗಲಿ. ಅದರ ಮೇಲೆ ಹತ್ತು ಹದಿನೈದು ಶೇಕಡಾ ಏರಿಸುವುದನ್ನು ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು ಮಾಡಿ.

ಏರಿಳಿತ ಎಷ್ಟಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು ಎನ್ನುವುದಕ್ಕೆ ಒಂದು ಆಧಾರ ಇದೆ. ಶ್ವಾಸಕೋಶದ ಪುನಶ್ಚೇತನ ಚಿಕಿತ್ಸೆ (ವ್ಯಾಯಾಮದ ತರಬೇತಿ ಸೇರಿದ ಚಿಕಿತ್ಸೆ) ಪಡೆದ ಸಿಒಪಿಡಿ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದಿನಕ್ಕೆ 600ರಿಂದ 1,100 ಹೆಜ್ಜೆಗಳ ವ್ಯತ್ಯಾಸಕ್ಕೆ ಅರ್ಥವಿದೆ. ಇನ್ನೂರು ಮುನ್ನೂರರ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ವಾರದ ಸರಾಸರಿ ಸಾವಿರದಷ್ಟು ಇಳಿದರೆ, ರೋಗಿ 'ಏನೂ ಇಲ್ಲ' ಎಂದರೂ ಫೋನ್ ಮಾಡಿ ವೈದ್ಯರ ಸಮಯ ಕೇಳಿ. ಥಟ್ಟನೆ ಏರಿದರೂ ಕಾರಣ ಹುಡುಕಿ. ಒಂದು ವಾರದಲ್ಲಿ ಲೆಕ್ಕ ದುಪ್ಪಟ್ಟಾಗುವಂತೆ ಯಾವ ಇನ್‌ಹೇಲರೂ ಕೆಲಸ ಮಾಡುವುದಿಲ್ಲ.

ಆಸ್ಪತ್ರೆಯ ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ಇದಕ್ಕೆ ಬದಲಿ ಎಂದುಕೊಳ್ಳುವವರೂ ಇದ್ದಾರೆ. 30 ಮೀಟರ್ ಕಾರಿಡಾರಿನಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ಅದು ಹೇಳುತ್ತದೆ. ಮನೆಗೆ ಬಂದು ಎಷ್ಟು ನಡೆಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. 350 ಮೀಟರ್ ನಡೆಯಬಲ್ಲವರು ಏದುಸಿರಿನ ಭಯಕ್ಕೆ ದಿನವಿಡೀ ಜಗಲಿಯಲ್ಲೇ ಕೂತಿರಬಹುದು. ಬರೀ ಬಾಯಿಮಾತಿನ ಪ್ರಶ್ನಾವಳಿಯೂ ಸಾಲದು. 'ದಿನಾ ಸ್ವಲ್ಪ ಓಡಾಡುತ್ತೇನೆ' ಎಂಬ ಉತ್ತರದಲ್ಲಿ ಸಂಕೋಚವೂ ಮರೆವೂ ಸೇರಿರುತ್ತವೆ. ಆದರೆ ಕಷ್ಟ ಎಷ್ಟಾಯಿತು ಎಂಬುದನ್ನು ಹೇಳಬಲ್ಲವರು ರೋಗಿ ಮಾತ್ರ. ಯುರೋಪಿನ ಪ್ರೊಆ್ಯಕ್ಟಿವ್ ಯೋಜನೆಯವರು ಸಿಒಪಿಡಿ ರೋಗಿಗಳಿಗಾಗಿ ರೂಪಿಸಿದ ವಿಧಾನದಲ್ಲಿ ಸಾಧನದ ಲೆಕ್ಕವನ್ನೂ ರೋಗಿಯ ಉತ್ತರಗಳನ್ನೂ ಕೂಡಿಸಿ, ಚಟುವಟಿಕೆಯ ಪ್ರಮಾಣ ಮತ್ತು ಅದರ ಕಷ್ಟ ಎರಡನ್ನೂ ಅಳೆಯುತ್ತಾರೆ. ಮನೆಯಲ್ಲಿ ಅದರ ಸರಳ ರೂಪ ಸಾಕು: ನೋಟ್‌ಬುಕ್ಕಿನಲ್ಲಿ ದಿನದ ಹೆಜ್ಜೆಯ ಪಕ್ಕದಲ್ಲಿ ಎರಡೇ ಮಾತು, ಇವತ್ತು ಎಲ್ಲಿ ನಿಲ್ಲಬೇಕಾಯಿತು, ಯಾವ ಕೆಲಸ ಬಿಡಬೇಕಾಯಿತು. ಆ ಹಿರಿಯರ ಮನೆಯಲ್ಲಿ ಯಾರಾದರೂ 'ತೋಟಕ್ಕೆ ಇಳಿಯಲಿಲ್ಲ' ಎಂದು ನಾಲ್ಕು ದಿನ ಸತತ ಬರೆದಿದ್ದರೆ 6,000 ಎಂಬ ಸಂಖ್ಯೆಯನ್ನು ಯಾರೂ ನಂಬುತ್ತಿರಲಿಲ್ಲ.

ಇನ್ನೊಂದು ವಿಷಯ. ವಾಚು ಹಾಳಾಗಿ ಹೊಸದು ತಂದರೆ ಹಳೆಯ ಸರಾಸರಿಗೆ ಹೊಸ ಲೆಕ್ಕವನ್ನು ಜೋಡಿಸಬೇಡಿ, ಒಂದೇ ಕಂಪನಿಯದಾದರೂ ಸರಿ. ಹಳೆಯದು ಇನ್ನೂ ನಡೆಯುತ್ತಿದ್ದರೆ ಎರಡನ್ನೂ ಒಂದು ವಾರ ಒಟ್ಟಿಗೆ ಕಟ್ಟಿಸಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಪೂರ್ತಿ ಕೆಟ್ಟಿದ್ದರೆ 100 ಹೆಜ್ಜೆಯ ಪರೀಕ್ಷೆಯಿಂದ ಮತ್ತೆ ಮೊದಲುಮಾಡಿ. ಫೋನಿನ ಆ್ಯಪ್ ಅಪ್‌ಡೇಟ್ ಆದ ತಾರೀಖನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಎಣಿಸುವ ವಿಧಾನ ಅಪ್‌ಡೇಟ್‌ನಲ್ಲೇ ಬದಲಾಗಬಹುದು, ಅದನ್ನು ಯಾರೂ ನಿಮಗೆ ತಿಳಿಸುವುದಿಲ್ಲ.