ಗಾಜಿನ ಹೈಡ್ರೋಮೀಟರ್: ಪುಣೆಯ ಸೆಖೆ, ಚಳಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಮನೆಯ ಬಿಯರ್ ಹುದುಗಿ ಮುಗಿಯಿತೇ ಎಂದು, ಮುಚ್ಚಳದಲ್ಲಿ ಅನಿಲ ಹೊರಬಿಡುವ ಏರ್‌ಲಾಕಿನ ಗುಳ್ಳೆ ನೋಡಿ ತೀರ್ಮಾನಿಸುವವರು ಮೊದಲು ಕೊಳ್ಳಬೇಕಾದದ್ದು ಹೈಡ್ರೋಮೀಟರನ್ನೇ, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆಯನ್ನು. ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಅನಿಲ ಅಲ್ಲೇ ಸೋರಿಹೋಗಿ, ಯೀಸ್ಟ್ ಜೋರಾಗಿ ಕೆಲಸ ಮಾಡುತ್ತಿದ್ದರೂ ಗುಳ್ಳೆ ಕಾಣುವುದಿಲ್ಲ. ಮುಗಿದ ಬಿಯರಿನಲ್ಲಿ ಏಪ್ರಿಲಿನ ಮಧ್ಯಾಹ್ನ ಕೋಣೆ ಕಾದರೆ, ಕರಗಿದ್ದ ಅನಿಲ ಹೊರಬಂದು ಮತ್ತೆ ಗುಳ್ಳೆ ಏಳುತ್ತದೆ. ಎರಡೂ ಮೋಸ.

ಹೈಡ್ರೋಮೀಟರ್ ಅಳೆಯುವುದು ನೀರಿಗೆ (1.000) ಹೋಲಿಸಿದ ದ್ರವದ ಸಾಂದ್ರತೆಯನ್ನು; ಸಕ್ಕರೆ ಕರಗಿಹೋದಂತೆ ಅಲ್ಲ, ಹುದುಗಿ ಕಡಿಮೆಯಾದಂತೆ ಅದು ಇಳಿಯುತ್ತದೆ. 1.048ರಲ್ಲಿ ಶುರುವಾದ ಬಿಯರನ್ನು 75% ಹುದುಗಿಸುವ ಯೀಸ್ಟ್ 1.012ರ ಹತ್ತಿರ ನಿಲ್ಲಬೇಕು. 48 ಗಂಟೆ ಅಂತರದಲ್ಲಿ ಎರಡು ಸಲ ಅದೇ ಅಂಕಿ ಬಂದರೆ, ಅದೂ ನಿರೀಕ್ಷಿಸಿದ ಅಂಕಿಗೆ ಹತ್ತಿರವಿದ್ದರೆ, ಮುಗಿಯಿತು. 1.022ರಲ್ಲೇ ನಿಂತಿದ್ದರೆ ಹೆಚ್ಚಾಗಿ ಯೀಸ್ಟ್ ಮಲಗಿದೆ ಎಂದರ್ಥ. ಡಿಸೆಂಬರಿನಲ್ಲಿ ದೋಸೆ ಹಿಟ್ಟು ಉಬ್ಬಲು ಸತಾಯಿಸುತ್ತದಲ್ಲ, ಅದೇ ಕಾರಣ. ಡಬ್ಬಿಗೆ ಕಂಬಳಿ ಸುತ್ತಿ 20–22 ಡಿಗ್ರಿಗೆ ತಂದು, ಮುಚ್ಚಳ ತೆಗೆಯದೆ ಮೆಲ್ಲಗೆ ಅಲುಗಿಸಿ, ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ.

ನಿರೀಕ್ಷಿತ ಅಂಕಿಯೇ ಅನುಮಾನವೆನಿಸಿದರೆ, ಯೀಸ್ಟ್ ಹಾಕುವ ದಿನವೇ 200 ಮಿ.ಲೀ. ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) ತೆಗೆದು, ಅದಕ್ಕೆ ಧಾರಾಳವಾಗಿ ಯೀಸ್ಟ್ ಹಾಕಿ ಬೆಚ್ಚಗಿಡಿ. ಅದು ದೊಡ್ಡ ಡಬ್ಬಿಗಿಂತ ಎಷ್ಟೋ ಮೊದಲು ಮುಗಿದು, ಎಲ್ಲಿ ನಿಲ್ಲಬೇಕೆಂದು ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಈ ಪರೀಕ್ಷೆಯನ್ನು ಮಾಡುವವರು ಕಡಿಮೆ.

ಅವಸರಪಟ್ಟರೆ ಏನಾಗುತ್ತದೆ? ಸುಮಾರು 0.002 ಇಳಿಕೆಗೆ ಬಾಟಲಿಯಲ್ಲಿ ಒಂದು ವಾಲ್ಯೂಮ್, ಅಂದರೆ ಬಿಯರಿನಷ್ಟೇ ಗಾತ್ರದ, ಅನಿಲ ಹುಟ್ಟುತ್ತದೆ. 1.016ರಲ್ಲೇ ತುಂಬಿಸಿದ ಬಿಯರ್ ಒಳಗೆ 1.012ಕ್ಕೆ ಇಳಿದರೆ, ಬಾಟಲಿಗೆ ಸಕ್ಕರೆ ಹಾಕಿದ್ದರಿಂದ ಬರುವ ಎರಡೂವರೆ ವಾಲ್ಯೂಮಿನ ಮೇಲೆ ಇನ್ನೂ ಎರಡು ಸೇರುತ್ತದೆ. ಸಾಮಾನ್ಯ ಬಿಯರ್ ಬಾಟಲಿ ಅದನ್ನು ತಡೆಯುತ್ತದೆಂದು ನಂಬಬೇಡಿ. ಒಡೆದ ಗಾಜು ಕಣ್ಣಿಗೇ ಹಾರುತ್ತದೆ.

ಈ ಉಪಕರಣದ ದೊಡ್ಡ ತೊಡಕು ಉಷ್ಣತೆ. ಒಳಗಿನ ಅಂಕಿಗಳ ಕಾಗದದ ಅಡಿಯಲ್ಲಿ ಸಣ್ಣಕ್ಷರದಲ್ಲಿ 20 ಡಿಗ್ರಿ ಎಂದಿದೆ; ಅಂಕಿ ಸರಿಯಾಗಿ ಬರುವುದು ಆ ಉಷ್ಣತೆಯಲ್ಲಿ. ನಮ್ಮ ಕೋಣೆಗಳಲ್ಲಿ ಅದು ಚಳಿಗಾಲದ ಮಾತು. 25 ಡಿಗ್ರಿಯಲ್ಲಿ ಓದಿದ್ದಕ್ಕೆ 0.001, 30ರಲ್ಲಿ 0.0025, 35ರಲ್ಲಿ 0.004 ಸೇರಿಸಿ. ಮುಂಬೈಯವರಿಗೆ ಇದು ವರ್ಷವಿಡೀ ಬೇಕು. ಕಾಗದ ಜಾರಿದೆಯೇ ಎಂದು ಆಗಾಗ ಆರ್‌ಒ ನೀರಿನಲ್ಲಿ ಪರೀಕ್ಷಿಸಿ: 30 ಡಿಗ್ರಿಯ ನೀರಿನಲ್ಲಿ 0.997 ಮತ್ತು 0.998ರ ನಡುವೆ ನಿಂತರೆ ಸರಿ.

ಎರಡನೆಯದು ಅನಿಲ. ಗುಳ್ಳೆಗಳು ಗಾಜಿಗೆ ಅಂಟಿ ಮೇಲೆತ್ತುವುದರಿಂದ ಅಂಕಿ ಹೆಚ್ಚು ಕಾಣುತ್ತದೆ. ಮಾದರಿಯನ್ನು ಎರಡು ಲೋಟಗಳ ನಡುವೆ, ಚಹಾ ಆರಿಸುವ ಹಾಗೆ, ಏಳೆಂಟು ಸಲ ಸುರಿದು ನೊರೆ ಇಳಿಯಲು ಬಿಡಿ. ಹೈಡ್ರೋಮೀಟರನ್ನು ಒಮ್ಮೆ ತಿರುಗಿಸಿ ಬಿಟ್ಟು, ಮಾದರಿ ತುಂಬಿದ ಜಾರಿನ ಗೋಡೆಗೆ ತಾಗದಂತೆ ನಿಂತ ಮೇಲೆ ದ್ರವದ ಮಟ್ಟವನ್ನೇ ಓದಿ, ಗಾಜಿನ ಮೇಲೆ ಏರಿದ ಅಂಚನ್ನಲ್ಲ. ಅಳೆದದ್ದನ್ನು ಡಬ್ಬಿಗೆ ವಾಪಸ್ ಸುರಿಯಬೇಡಿ, ಸೋಂಕು ತಗಲಬಹುದು; ಅದನ್ನು ರುಚಿ ನೋಡಿ. ಬೆಣ್ಣೆಯ ವಾಸನೆ ಇದ್ದರೆ ಅಂಕಿ ನಿಂತಿದ್ದರೂ ಇನ್ನೆರಡು ದಿನ ಕೊಡಿ.

ಜಾರಿನ ಪ್ಲಾಸ್ಟಿಕ್ ತಳ ಅಲ್ಲಾಡುತ್ತದೆ, ಗಾಜು ಮೊಟ್ಟೆ ಸಿಪ್ಪೆಯಷ್ಟು ತೆಳು; ಬಿಸಿನೀರಿನಲ್ಲಿ ತೊಳೆಯಲೇಬಾರದು. ಗೆರೆಗಳು 0.002 ಅಂತರದಲ್ಲಿರುವುದರಿಂದ 0.001ರ ವ್ಯತ್ಯಾಸ ಅಂದಾಜೇ. ಐದಕ್ಕೆ ನಾಲ್ಕು ಅಂಕ. ಮೇಲಿಂದ ಮೇಲೆ ಬಾಟಲಿ ತುಂಬುವವರು ಇದರ ಜೊತೆಗೆ 0.990ರಿಂದ 1.020ರವರೆಗೆ ಮಾತ್ರ ತೋರಿಸುವ, ಗೆರೆಗಳ ನಡುವೆ ಹೆಚ್ಚು ಅಂತರವಿರುವ ಇನ್ನೊಂದು ಹೈಡ್ರೋಮೀಟರನ್ನು ಇಟ್ಟುಕೊಳ್ಳುವುದು ಒಳ್ಳೆಯದು.