ಕೋಚ್‌ಗಳಿಗೊಂದು ಸೂಪರ್‌ವಿಷನ್ ಸರಣಿ: ಚಿಕ್ಕಮಗಳೂರಿನ ಆರು ಶನಿವಾರಗಳು

ನಮ್ಮ ಊರಿನಲ್ಲಿ ಕೋಚಿಂಗ್ ಎಂದರೆ ಸಿಇಟಿ, ನೀಟ್ ತರಬೇತಿ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಉದ್ಯೋಗ, ಕುಟುಂಬ, ವ್ಯವಹಾರಗಳ ಗೊಂದಲದಲ್ಲಿರುವವರ ಎದುರು ಕೂತು, ಉತ್ತರ ಹೇಳಿಕೊಡದೆ ಪ್ರಶ್ನೆ ಕೇಳುತ್ತಾ ಅವರೇ ದಾರಿ ಕಂಡುಕೊಳ್ಳುವಂತೆ ಮಾಡುವ ನಮ್ಮಂಥ ಕೋಚ್‌ಗಳು ಇಲ್ಲಿ ಬೆರಳೆಣಿಕೆಯಷ್ಟು. ಅಂಥವರಿಗಾಗಿ ಐ.ಜಿ. ರಸ್ತೆಗೆ ಹತ್ತಿರದ ಒಂದು ಮನೆಯ ಮಹಡಿಯಲ್ಲಿ ಆರು ಶನಿವಾರ ನಡೆದ ಸೂಪರ್‌ವಿಷನ್ (ಕೋಚ್‌ಗಳು ತಮ್ಮ ಸೆಷನ್‌ಗಳನ್ನು ಮಾರ್ಗದರ್ಶಕರ ಮುಂದಿಟ್ಟು ಪರಿಶೀಲಿಸಿಕೊಳ್ಳುವ) ಸರಣಿಯಲ್ಲಿ ನಾನು ಭಾಗವಹಿಸಿದ್ದೆ. ಸೆಷನ್ ನಡೆಯುತ್ತಿರುವಾಗಲೇ ಕೋಚ್‌ನ ಒಳಗೆ ಏಳುವ ಪ್ರತಿರೋಧವನ್ನು, ಅಂದರೆ ಬಿಗಿತ, ಅವಸರ, ಹಿಂಜರಿಕೆಗಳನ್ನು, ಏನು ಮಾಡಬೇಕು ಎಂಬುದೊಂದೇ ಅದರ ವಿಷಯ.

ಕ್ಲೈಂಟ್ ತೋರುವ ಪ್ರತಿರೋಧದ ಬಗ್ಗೆ ಸಾಮಾನ್ಯವಾಗಿ ಎಲ್ಲ ತರಬೇತಿಗಳೂ ಮಾತನಾಡುತ್ತವೆ. ನಮ್ಮದರ ಬಗ್ಗೆ ಮಾತು ಕಡಿಮೆ. ಚಿಕಿತ್ಸಕನಲ್ಲಿ ಹುಟ್ಟುವ ಭಾವನೆಗಳನ್ನು ಅವನೇ ಗುರುತಿಸಿ ಮೀರಬೇಕೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1910ರಲ್ಲಿ ಹೇಳಿದ್ದರೆ, ಅವೇ ಭಾವನೆಗಳು ರೋಗಿಯ ಮನಸ್ಸನ್ನು ಅರಿಯುವ ಸಾಧನವೆಂದು 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ವಾದಿಸಿದರು. ನಮ್ಮ ಮಾರ್ಗದರ್ಶಕಿ ಎರಡನ್ನೂ ಇಟ್ಟುಕೊಂಡು, ಆ ಬಿಗಿತ ಕ್ಲೈಂಟ್‌ನಿಂದ ಬಂದದ್ದೋ ನಮ್ಮ ಮನೆಯಿಂದಲೇ ಹೊತ್ತು ತಂದದ್ದೋ ಎಂದು ಬೇರ್ಪಡಿಸುವವರೆಗೆ ಅದನ್ನು ಸಾಧನವಾಗಿ ಬಳಸಬಾರದೆಂದು ಎಚ್ಚರಿಸಿದರು. ಇದು ನನಗೆ ಬಹಳ ಸರಿಯೆನಿಸಿತು.

ನಾಲ್ಕನೆಯ ವಾರ ನನ್ನದೇ ಸೆಷನ್ನಿನ ಧ್ವನಿಮುದ್ರಿಕೆಯನ್ನು, ಕ್ಲೈಂಟ್‌ನ ಒಪ್ಪಿಗೆ ಪಡೆದು, ಅಲ್ಲಿ ಕೇಳಿಸಿದೆ. ತೋಟವನ್ನು ಮಗನಿಗೆ ವಹಿಸುವ ವಿಚಾರದಲ್ಲಿ ಬಂದಿದ್ದ ಹಿರಿಯ ಕಾಫಿ ಬೆಳೆಗಾರರು ಅವರು. ‘ಕುಯ್ಲು ಮುಗೀಲಿ, ನೋಡೋಣ’, ‘ಹೂಮಳೆ ಆಗ್ಲಿ, ನೋಡೋಣ’ ಎಂದು ಪ್ರತಿ ಸಲವೂ ಮಾತು ಮುಂದೂಡುತ್ತಿದ್ದರು. ಅವರು ಬದಲಾಗಲು ಸಿದ್ಧರಿಲ್ಲ ಎಂದೇ ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಮಾರ್ಗದರ್ಶಕಿ ಅಲ್ಲಿಗೆ ನಿಲ್ಲಿಸಿ, ‘ಅವರು ನೋಡೋಣ ಅಂದ ಮೇಲೆ ನೀವು ಎಷ್ಟು ಹೊತ್ತು ಸುಮ್ಮನಿದ್ದಿರಿ?’ ಎಂದು ಕೇಳಿದರು. ಮತ್ತೆ ಹಾಕಿ ಎಣಿಸಿದರೆ ಎರಡು ಸೆಕೆಂಡೂ ಇರಲಿಲ್ಲ. ನನ್ನ ದನಿ ಒಮ್ಮೆಲೇ ಏರಿ, ಪ್ರಶ್ನೆಯ ರೂಪದಲ್ಲಿ ಸಲಹೆಯನ್ನೇ ಕೊಡುತ್ತಿತ್ತು. ತೆಗೆದುಕೊಂಡ ಹಣಕ್ಕೆ ಒಂದು ಗಂಟೆಯಲ್ಲಿ ಏನಾದರೂ ಫಲ ತೋರಿಸಬೇಕೆಂಬ ತಳಮಳದಿಂದ ಮೌನವನ್ನು ತಡೆಯುತ್ತಿದ್ದವನು ನಾನು ಎಂಬುದು ಆ ಕೋಣೆಯಲ್ಲಿ ಎಲ್ಲರೆದುರು ಕೇಳಿಸಿತು.

ಅವರು ಕಲಿಸಿದ ಅಭ್ಯಾಸ ಸರಳವಾದದ್ದು. ದವಡೆ ಬಿಗಿಯುವುದು, ಗಡಿಯಾರ ನೋಡುವುದು ಮೊದಲಾದ ನಮ್ಮ ನಮ್ಮ ಗುರುತನ್ನು ಮೊದಲೇ ತಿಳಿದಿರಬೇಕು; ಅದು ಕಂಡೊಡನೆ ಪಾದಗಳನ್ನು ನೆಲಕ್ಕೂರಿ, ಒಂದು ಉಸಿರು ಬಿಟ್ಟು, ‘ಅವಸರ’ ಅಥವಾ ‘ಭಯ’ ಎಂದು ಒಂದೇ ಪದದಲ್ಲಿ ಮನಸ್ಸಿನಲ್ಲೇ ಹೆಸರಿಸಬೇಕು. ಅಷ್ಟಾದ ಮೇಲೂ ಹೋಗದಿದ್ದರೆ, ‘ನಾನು ಸ್ವಲ್ಪ ಅವಸರ ಮಾಡುತ್ತಿದ್ದೇನೆ ಅನ್ನಿಸುತ್ತಿದೆ, ನಿಮಗೂ ಹಾಗನ್ನಿಸಿತೇ?’ ಎಂದು ಕ್ಲೈಂಟ್‌ಗೇ ಹೇಳಬಹುದು. ಆದರೆ ನಮ್ಮ ಭಾರ ಇಳಿಸಿಕೊಳ್ಳುವುದಕ್ಕಾಗಿ ಹೇಳಕೂಡದು. ಮುಂದಿನ ಸೆಷನ್ನಿನಲ್ಲಿ ಆ ಬೆಳೆಗಾರರು ‘ನೋಡೋಣ’ ಎಂದಾಗ ನಾನು ಸುಮ್ಮನಿದ್ದೆ. ಬಹಳ ಹೊತ್ತು ಕಿಟಕಿಯ ಕಡೆ ನೋಡಿ, ‘ಅವನಿಗೆ ಕೊಟ್ಟ ಮೇಲೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ?’ ಎಂದರು. ಮೂರು ತಿಂಗಳಲ್ಲಿ ಅವರು ಆಡಿದ ಮೊದಲ ನಿಜವಾದ ಮಾತು ಅದು ಎಂದು ನನಗನ್ನಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಎರಡು ಗಂಟೆಯಲ್ಲಿ ಎಂಟು ಜನ ಎಂದರೆ ಕೊನೆಯ ಇಬ್ಬರ ಪ್ರಕರಣಗಳು ಪ್ರತಿ ವಾರ ಅರ್ಧಕ್ಕೇ ನಿಲ್ಲುತ್ತಿದ್ದವು. ಮಾತೆಲ್ಲ ಕನ್ನಡದಲ್ಲಿದ್ದರೂ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕೋಚ್ ತನ್ನ ಭಾವನೆಗಳನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕು, ನಿರಂತರ ಆತ್ಮಾವಲೋಕನ ಮಾಡಬೇಕು ಎನ್ನುವ, ಕೋಚ್‌ಗಳ ಅಂತರರಾಷ್ಟ್ರೀಯ ಸಂಘಟನೆಯಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಸಾಮರ್ಥ್ಯಸೂಚಿಯನ್ನು ಓದುವುದಕ್ಕೇ ಮೂರನೆಯ ವಾರ ಪೂರ್ತಿ ಕಳೆಯಿತು. ಅದನ್ನು ಮನೆಯಲ್ಲೇ ಓದಿಕೊಳ್ಳಬಹುದಿತ್ತು.

ಈಗಷ್ಟೇ ವೃತ್ತಿ ಆರಂಭಿಸಿದವರಿಗೆ ಇದನ್ನು ಸೂಚಿಸಲಾರೆ, ಏಕೆಂದರೆ ತಂದು ಬಿಡಿಸಿಡಲು ಅವರ ಬಳಿ ಸಾಕಷ್ಟು ಸೆಷನ್‌ಗಳಿರುವುದಿಲ್ಲ. ಎರಡು ಮೂರು ವರ್ಷ ಕೆಲಸ ಮಾಡಿ, ಒಬ್ಬ ಕ್ಲೈಂಟ್‌ನ ಹೆಸರು ಫೋನಿನಲ್ಲಿ ಕಂಡೊಡನೆ ಮನಸ್ಸು ಹಿಂಜರಿಯುವುದನ್ನು ಗಮನಿಸಿದವರು ಖಂಡಿತ ಸೇರಬೇಕು. ಮುಂದಿನ ಸರಣಿ ಕಾಫಿ ಕುಯ್ಲು ಮುಗಿದ ಮೇಲೆ ಎಂದಿದ್ದಾರೆ. ಗುಂಪನ್ನು ಐದು ಜನಕ್ಕೆ ಇಳಿಸುವುದಾದರೆ ನಾನೂ ಮತ್ತೊಮ್ಮೆ ಹೆಸರು ಕೊಡುತ್ತೇನೆ.